ಮಡಿಲಕ್ಕಿಗೆ ವೀಸಾ ಇಲ್ಲ

ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿರುವವರು ವಿದೇಶದ ಕಥೆ ಹೇಳಬಾರದು. ಆದರೂ ಹೇಳಹೊರಟಿದ್ದೇನೆ, ತಿಳಿದವರು ಮನ್ನಿಸಬೇಕು. ಇದರಲ್ಲಿ ವಿದೇಶ ಬಹಳ ಕಡಿಮೆ ಬರುತ್ತದೆ ಎಂಬುದೊಂದೇ ನನಗಿರುವ ಧೈರ್ಯ. ಬರುವಷ್ಟೂ ಒಂದು ಲ್ಯಾಪ್‌ಟಾಪಿನ ಪರದೆಯೊಳಗೆ ಬಂದು, ಅಲ್ಲಿಂದಲೇ ಹೊರಟುಹೋಗುತ್ತದೆ. ಆ ದೇಶದ ಹೆಸರನ್ನೂ ನಾನು ಬರೆಯುವುದಿಲ್ಲ. ಸಮುದ್ರದ ನಡುವೆ ಇರುವ ಸಣ್ಣ ದೇಶ ಎಂದರೆ ಸಾಕು. ಅಲ್ಲಿನ ಕಾಯಂ ನಿವಾಸಿಯಾಗಲು ಹೊರಟ ಪಟ್ಟಂದೂರು ಅಗ್ರಹಾರದ ಶ್ಯಾಮಣ್ಣನಿಗೇ ಅದರ ಹೆಸರು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ. ಹೀಗಿರುವಾಗ ನಾನು ತಪ್ಪಾಗಿ ಬರೆದು ಆ ದೇಶದವರ ಮನಸ್ಸು ನೋಯಿಸುವುದು ಬೇಡ.

ಶ್ಯಾಮಣ್ಣ ಹುಟ್ಟಿದ ಮನೆಯಲ್ಲೇ ಅರವತ್ತರ ಹತ್ತಿರ ಬಂದವನು. ಅವನು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಊರೇ ಅವನನ್ನು ಬಿಟ್ಟು ಹೋಯಿತು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಗಾಜಿನ ಕಟ್ಟಡಗಳು ಎದ್ದವು. ಪರಿಹಾರದ ಹಣದಲ್ಲಿ ಶ್ಯಾಮಣ್ಣ ಹಳೆಯ ಮನೆಯ ಪಕ್ಕದಲ್ಲೇ ನಾಲ್ಕಂತಸ್ತಿನ ಬಾಡಿಗೆ ಕಟ್ಟಡ ಎಬ್ಬಿಸಿದ, ಮಿಕ್ಕಿದ್ದನ್ನು ಬ್ಯಾಂಕಿನಲ್ಲಿಟ್ಟ. ಬಾಡಿಗೆ ವಸೂಲಿ, ನೀರಿನ ಟ್ಯಾಂಕರು, ದಿನ ಬಿಟ್ಟು ದಿನ ಕೆಡುವ ಮೋಟರು ಎಲ್ಲವನ್ನೂ ಹೆಂಡತಿ ವಸಂತಮ್ಮ ನೋಡಿಕೊಳ್ಳುತ್ತಿದ್ದಳು. ಶ್ಯಾಮಣ್ಣ ಮಾಲೀಕತನವನ್ನು ನೋಡಿಕೊಳ್ಳುತ್ತಿದ್ದ.

ಆ ಕೆಲಸದಲ್ಲಿ ಬಿಡುವು ಹೆಚ್ಚಾದ್ದರಿಂದ ಬೆಳಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದ. ಜೊತೆಗಾರರು ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನವರು. ಅವರಲ್ಲಿ ಮುಖ್ಯರಾದವರು ದಾವಣಗೆರೆ ಕಡೆಯ ನಿವೃತ್ತ ಇಂಜಿನಿಯರ್ ಪಂಚಾಕ್ಷರಿ. ಇವರು ಆ ಸಣ್ಣ ದೇಶದಲ್ಲಿ ಹಣ ಹೂಡಿ, ಅಲ್ಲಿ ಕಾಯಮ್ಮಾಗಿ ನೆಲೆಸುವ ಹಕ್ಕಿನ ಕಾರ್ಡು, ಅಂದರೆ ಪಿ.ಆರ್., ಪಡೆದಿದ್ದರು. ಅಲ್ಲಿ ಜೋಳದ ಹಿಟ್ಟು ಸಿಗುವ ಖಾತರಿ ಯಾರೂ ಕೊಡದ ಕಾರಣ ಅವರ ಶ್ರೀಮತಿ ಮಹಾಂತಮ್ಮ ಹೊರಡಲು ಒಪ್ಪಿರಲಿಲ್ಲ. ಹಾಗಾಗಿ ಕಾರ್ಡು ದೇವರ ಮನೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕುಳಿತು ದಿನವೂ ಪೂಜೆ ಪಡೆಯುತ್ತಿತ್ತು. ಆದರೆ ಏರಿಯ ಮೇಲೆ ಅದರ ಮಹಿಮೆ ದೊಡ್ಡದು. ಒಬ್ಬರಿಗೆ ಅಲ್ಲಿಯ ಪಿ.ಆರ್., ಒಬ್ಬರಿಗೆ ಇನ್ನೆಲ್ಲಿಯದೋ ಪಿ.ಆರ್.; ಏನೂ ಇಲ್ಲದವನು ಶ್ಯಾಮಣ್ಣ ಒಬ್ಬನೇ.

ಅವನು ಇದನ್ನೂ ಸಹಿಸಿಕೊಂಡಿದ್ದ. ಆದರೆ ಒಂದು ದಿನ, ಮನೆಯ ಬೀಗದ ಕೈ ಮರೆತು ಹೋದ ಬಾಡಿಗೆದಾರನಿಗೆ ಅದನ್ನು ತಲುಪಿಸಲು ಐಟಿ ಪಾರ್ಕಿನ ಗೇಟಿಗೆ ಹೋದ. ಕಾವಲುಗಾರ ಗುರುತಿನ ಚೀಟಿ ಕೇಳಿದ, ಫೋಟೋ ಹಿಡಿದ, ಕುತ್ತಿಗೆಗೆ ‘ಸಂದರ್ಶಕ’ ಎಂದು ಬರೆದ ಟ್ಯಾಗು ತೂಗುಹಾಕಿದ, ಗೇಟಿನೊಳಗಿನ ಹೂಕುಂಡದಿಂದಾಚೆಗೆ ಹೋಗಬಾರದೆಂದ. ಆ ಕುಂಡ ಇದ್ದದ್ದು ಹಿಂದೆ ಶ್ಯಾಮಣ್ಣನ ಅಪ್ಪನ ಬಾವಿ ಇದ್ದ ಜಾಗದಲ್ಲಿ. ಮಾರನೆಯ ಬೆಳಗ್ಗೆ ಏರಿಯ ಮೇಲೆ ಪಂಚಾಕ್ಷರಿ ಎಂದಿನ ಸೌಜನ್ಯದಿಂದ, “ನಿಮ್ಮದೇನಾರ ಐತೇನ್ರೀ ಶ್ಯಾಮಣ್ಣಾರೆ, ಪಿ.ಆರ್. ಗೀಆರ್?” ಎಂದು ಕೇಳಿದಾಗ ಶ್ಯಾಮಣ್ಣನ ಬಾಯಿಂದ ಯಾರೋ ಬೇರೆಯವರು ಆಡಿದಂತೆ ಮಾತು ಬಂದುಬಿಟ್ಟಿತು.

“ನಮ್ದೂ ನಡೀತಾ ಐತೆ.”

ಏನೂ ನಡೆಯುತ್ತಿರಲಿಲ್ಲ. ಆದರೆ ಪಂಚಾಕ್ಷರಿ ಅವನನ್ನು ಅಪ್ಪಿಕೊಂಡರು. ಮಧ್ಯಾಹ್ನದೊಳಗೆ ತಮಗೆ ಕಾರ್ಡು ಮಾಡಿಸಿಕೊಟ್ಟ ವೀಸಾ ಕಚೇರಿಯ ಹುಡುಗಿಗೆ ಇವನ ನಂಬರು ಕೊಟ್ಟರು. ಸಂಜೆಯೊಳಗೆ ಆ ಹುಡುಗಿ ಫೋನು ಮಾಡಿದಳು. ಹೇಳಿದ ಸುಳ್ಳನ್ನು ನಿಜ ಮಾಡುವುದು ಮರ್ಯಾದಸ್ಥರ ಕರ್ತವ್ಯವೆಂದು ಭಾವಿಸಿ ಶ್ಯಾಮಣ್ಣ ವೈಟ್‌ಫೀಲ್ಡಿನ ಆ ಕಚೇರಿಗೆ ಹೋದ.

ಹುಡುಗಿಯ ಹೆಸರು ಸ್ಫೂರ್ತಿ. ಎಲ್ಲವೂ ಸಿಂಪಲ್ ಎಂದಳು. ಆ ದೇಶದ ಯೋಜನೆಯೊಂದರಲ್ಲಿ ಹಣ ಹೂಡಬೇಕು, ಹಣ ನ್ಯಾಯವಾಗಿ ಬಂದದ್ದೆಂದು ತೋರಿಸಬೇಕು, ಅಷ್ಟೆ. ಹಣ ಎಲ್ಲಿಂದ ಬಂತೆಂದು ಕೇಳಿದಳು. ಬ್ಯಾಂಕಿನಿಂದ ಎಂದ. ಬ್ಯಾಂಕಿಗೆ? ಪರಿಹಾರದಿಂದ. ಪರಿಹಾರ? ಹೊಲದಿಂದ. ಹೊಲ? ಅಪ್ಪನಿಂದ. ಅಪ್ಪನಿಗೆ? ಅವರಪ್ಪನಿಂದ. ಅವರಪ್ಪನಿಗೆ ಎಂದು ಕೇಳಿದಾಗ ಶ್ಯಾಮಣ್ಣ ನೀರು ಕೇಳಿದ. ಕಡೆಗೆ ಸ್ಫೂರ್ತಿ, ಅಪ್ಪನಿಂದ ಇವನಿಗೆ ಬಂದದ್ದು ಸಾಬೀತಾದರೆ ಸಾಕು, ಅದಕ್ಕೆ ಸರ್ಕಾರದ ವಂಶವೃಕ್ಷ ತನ್ನಿ ಎಂದಳು. ಅಪ್ರೂವಲ್ ಬರುವವರೆಗೆ ವಿಷಯ ಗುಟ್ಟಾಗಿರಲಿ ಎಂದೂ ಸೇರಿಸಿದಳು. ಆ ಮಾತು ಶ್ಯಾಮಣ್ಣನಿಗೆ ಬಹಳ ಹಿಡಿಸಿತು. ವಸಂತಮ್ಮನಿಗೆ ಹೇಳುವ ಕಷ್ಟ ತಪ್ಪಿತಲ್ಲ.

ವಂಶವೃಕ್ಷದಲ್ಲಿ ಯಾರ್‍ಯಾರ ಹೆಸರು ಬರೆಸಬೇಕೆಂದು ಪಂಚಾಕ್ಷರಿಯವರನ್ನು ಕೇಳಿದ. ವಿದೇಶದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಅಷ್ಟೇ ಎಂದರು ಅವರು. ಶ್ಯಾಮಣ್ಣನ ಮಗಳು ಮದುವೆಯಾಗಿ ರಾಜಗೋಪಾಲನಗರದಲ್ಲಿದ್ದಳು. ಆ ದೇಶದ ಲೆಕ್ಕದಲ್ಲಿ ಅವಳು ಬರುವುದಿಲ್ಲ. ಅಕ್ಕ ಪಿಳ್ಳಮ್ಮನಂತೂ ಬರುವುದೇ ಇಲ್ಲ. ವಿದೇಶಕ್ಕೆ ಹೋಗುವ ಕಾಗದ ವಿದೇಶದ ಅಳತೆಯಲ್ಲೇ ಇರಲಿ ಎಂದು ಶ್ಯಾಮಣ್ಣ ಅಪ್ಪನ ಹೆಸರು, ಅದರ ಕೆಳಗೆ ತನ್ನ ಹೆಸರು, ಪಕ್ಕದಲ್ಲಿ ಹೆಂಡತಿಯ ಹೆಸರು ಬರೆದು ಅರ್ಜಿ ಹಾಕಿದ. ಗ್ರಾಮ ಲೆಕ್ಕಿಗ ಲೋಕೇಶ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ವೃಕ್ಷ ಅಲ್ಲ ಸಾರ್, ಕೋಲು. ನಾನು ಊರಲ್ಲಿ ಒಂದ್ಸಲ ವಿಚಾರಿಸ್ಬೇಕಾಗತ್ತೆ.”

ಇಲ್ಲಿ ಓದುಗರಿಗೆ ಒಂದು ಮಾತು. ನಮ್ಮ ಕಡೆ ವಂಶವೃಕ್ಷ ಮಾಡಿಸುವುದು ಎರಡೇ ಕಾರಣಕ್ಕೆ: ಜಮೀನು ಮಾರುವುದಕ್ಕೆ, ಇಲ್ಲವೇ ಮಾರಿದ ಜಮೀನಿನ ಕೇಸು ನಡೆಸುವುದಕ್ಕೆ. ಸಮುದ್ರ ದಾಟುವುದಕ್ಕೆ ಯಾರೂ ಮಾಡಿಸಿದವರಿಲ್ಲ. ಆದ್ದರಿಂದ ಲೋಕೇಶ್ ಮೂಲೆಯ ಕೃಷ್ಣಪ್ಪನ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಶ್ಯಾಮಣ್ಣನವರ ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ ಕೂಡಲೇ ಕೃಷ್ಣಪ್ಪ ಸಕ್ಕರೆ ತೂಗುವುದನ್ನು ನಿಲ್ಲಿಸಿದ. ಲೋಕೇಶ್ ಬೈಕು ಹತ್ತುವ ಮೊದಲೇ, ಶ್ಯಾಮಣ್ಣ ಮನೆ ಮಾರುತ್ತಿದ್ದಾನೆ ಎಂಬ ಸುದ್ದಿ ಹೊರಟುಬಿಟ್ಟಿತ್ತು. ಸಂಜೆಗೆ ಅದು ಬಾಡಿಗೆ ಕಟ್ಟಡವನ್ನೂ ಸೇರಿಸಿಕೊಂಡಿತು. ಮಾರನೆಯ ದಿನ ಕೊಂಡುಕೊಳ್ಳುವವರು ಜಪಾನಿನವರಾದರು. ಮೂವರು ಬ್ರೋಕರುಗಳು ಬಂದು, ಜಪಾನಿನವರು ಎಷ್ಟು ಕೊಟ್ಟರೂ ತಾವು ಅದಕ್ಕಿಂತ ಮೇಲೆ ಕೊಡಿಸುವುದಾಗಿ ಶ್ಯಾಮಣ್ಣನ ಕೈ ಹಿಡಿದು ಹೇಳಿದರು. ಬಾಡಿಗೆದಾರರು ಗುಂಪಾಗಿ ಬಂದು, ಕಟ್ಟಡ ಯಾವಾಗ ಒಡೆಯುತ್ತೀರೆಂದು ವಸಂತಮ್ಮನನ್ನು ಕೇಳಿದರು. ಯಾರೂ ಏನೂ ಒಡೆಯುವುದಿಲ್ಲ, ಆದರೆ ಎರಡು ದಿನ ನೀರು ಬರುವುದಿಲ್ಲ, ಅದಕ್ಕೆ ಬೇರೆ ಕಾರಣವಿದೆ ಎಂದಳು ವಸಂತಮ್ಮ. ಗಂಡನನ್ನು ಕೇಳಿದಳು. ಬ್ಯಾಂಕಿನ ಕೆಲಸ ಎಂದ ಅವನು.

ಮೂರನೆಯ ದಿನ ಪಿಳ್ಳಮ್ಮ ಬಂದಿಳಿದಳು.

ಪಿಳ್ಳಮ್ಮ ಶ್ಯಾಮಣ್ಣನ ಒಬ್ಬಳೇ ಅಕ್ಕ, ಚಿಕ್ಕಬಾಣಾವರಕ್ಕೆ ಕೊಟ್ಟಿದ್ದ ಹೆಣ್ಣುಮಗಳು. ತವರಿಗೆ ಬಂದು ಬಹಳ ವರ್ಷವಾಗಿತ್ತು. ಹೊಲ ಹೋಗುವಾಗ ತಮ್ಮ ಕರೆದನೆಂದು ಬಂದು, ಏನೂ ಕೇಳದೆ ಸಹಿ ಹಾಕಿದ್ದಳು. ಅವಳಿಗೆ ಪಾಲಿನ ಮೇಲೆ ಆಸೆ ಇರಲಿಲ್ಲ. ಆದರೆ ಆ ದಿನದ ಗಡಿಬಿಡಿಯಲ್ಲಿ ಅವಳನ್ನು ಮನೆಗೆ ಕರೆಯದೆ, ಕಚೇರಿಯ ಬಾಗಿಲಿನಿಂದಲೇ ಆಟೋ ಹತ್ತಿಸಿ ಕಳಿಸಿದ್ದರು. ತವರಿನಿಂದ ಹೊರಡುವ ಹೆಣ್ಣಿನ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಮಡಿಲು ತುಂಬಿ ಕಳಿಸಬೇಕು. ಮಡಿಲಕ್ಕಿ ಇಲ್ಲದೆ ಕಳಿಸಿದರೆ ಇನ್ನು ಬರಬೇಡವೆಂದ ಹಾಗೆ. ಪಿಳ್ಳಮ್ಮ ಹಾಗೆಯೇ ತಿಳಿದುಕೊಂಡಳು. ಹೊಲ ಬರೆದುಕೊಟ್ಟೆ, ಹಿಡಿ ಅಕ್ಕಿ ಹಾಕಲಿಲ್ಲ ಎಂದು ಚಿಕ್ಕಬಾಣಾವರದಲ್ಲಿ ಅವಳು ಹೇಳುತ್ತಿದ್ದ ಮಾತು ಶ್ಯಾಮಣ್ಣನಿಗೆ ಆಗಾಗ ತಲುಪುತ್ತಿತ್ತು. ಪ್ರತಿ ವರ್ಷ ಹೋಗಿ ಕರೆದು ಬರಬೇಕೆಂದು ಅಂದುಕೊಳ್ಳುತ್ತಿದ್ದ. ಆದರೆ ಚಿಕ್ಕವನಿದ್ದಾಗ ಅಕ್ಕನ ಕೈಯ ಏಟು ತಿಂದ ಬೆನ್ನು, ಮನಸ್ಸಿಗಿಂತ ಹೆಚ್ಚು ಜ್ಞಾಪಕಶಕ್ತಿ ಉಳ್ಳದ್ದಾಗಿತ್ತು.

ಎರಡು ರೈಲು ಬದಲಿಸಿ ಬಂದ ಪಿಳ್ಳಮ್ಮ ಹೊಸ್ತಿಲಾಚೆಯೇ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ.

“ನಮ್ಮಪ್ಪಂಗೆ ಎಷ್ಟು ಜನ ಮಕ್ಳುಲಾ ಶ್ಯಾಮ?”

“ಇಬ್ರು ಅಕ್ಕ.”

“ಕಾಗ್ದದಾಗೆ ಒಬ್ನೇ ಅಂತಲ್ಲ. ಇನ್ನೊಬ್ಳು ಸತ್ತೋದ್ಲಾ?”

“ಅದು ಬೇರೆ ಲೆಕ್ಕ ಅಕ್ಕ.”

“ಯಾವ ಲೆಕ್ಕದಾಗ್ಲಾ ನಾನು ನಿಮ್ಮಕ್ಕ ಅಲ್ಲ?”

ಶ್ಯಾಮಣ್ಣ ಎಲ್ಲವನ್ನೂ ಹೇಳಿಬಿಡಲು ಹೊರಟ. ಗುಟ್ಟು ಎಂದಿದ್ದ ಸ್ಫೂರ್ತಿಯ ಮುಖ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ, ಈ ವಯಸ್ಸಿನಲ್ಲಿ ಹೆಸರು ಹೇಳಲು ಬಾರದ ದೇಶಕ್ಕೆ ಹೊರಟಿದ್ದೇನೆ ಎಂದು ಅಕ್ಕನ ಎದುರು ಹೇಳಲು ನಾಚಿಕೆಯಾಯಿತು.

“ಅಂಗಾರೆ ಲೆಕ್ಕ ಸರಿಯೋಗೋವರ್ಗೂ ನಾನು ಇಲ್ಲೇ ಇರ್ತೀನಿ” ಎಂದು ಪಿಳ್ಳಮ್ಮ ಒಳಗೆ ಬಂದು, ಬೆಳಕು ಚೆನ್ನಾಗಿದ್ದ ಮುಂದಿನ ಕೋಣೆಯಲ್ಲಿ ಬುಟ್ಟಿ ಇಳಿಸಿದಳು.

ಅವಳು ಜಗಳವಾಡಲಿಲ್ಲ, ಆಡಿದ್ದರೆ ಮುಗಿದುಹೋಗುತ್ತಿತ್ತು. ಬೆಳಗ್ಗೆ ಎದ್ದು ಬಾಡಿಗೆ ಕಟ್ಟಡದ ಮೆಟ್ಟಿಲ ಮೇಲೆ ಕುಳಿತು ಹೋಗುವವರನ್ನೂ ಬರುವವರನ್ನೂ ನೋಡುತ್ತಿದ್ದಳು. ಅಷ್ಟಕ್ಕೇ ಬಾಡಿಗೆಯೆಲ್ಲ ಹೊತ್ತಿಗೆ ಮುಂಚೆ ಬರತೊಡಗಿ ವಸಂತಮ್ಮನಿಗೆ ಖುಷಿಯಾಯಿತು. ಆದರೂ ಹಳೆಯ ತಪ್ಪು ತನ್ನದೂ ಹೌದೆಂದು ವಸಂತಮ್ಮ ದಿನವೂ ಬೆಳಗ್ಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ರವಿಕೆ ಕಣ ಜೋಡಿಸಿ ತಂದು, “ಅತ್ಗೆಮ್ಮ, ಮಡಿಲು ಒಡ್ಡಿ” ಎನ್ನುತ್ತಿದ್ದಳು. ಮಡಿಲಕ್ಕಿ ಕಟ್ಟಿಸಿಕೊಂಡರೆ ಹೊರಡಲೇಬೇಕು. ಪಿಳ್ಳಮ್ಮ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ನಾಳೆ ನೋಡೋಣ ಎನ್ನುತ್ತಿದ್ದಳು. ಸಂಜೆಗೆ ಕಾಯಿ ಚಟ್ನಿಯಾಗುತ್ತಿತ್ತು. ಮರುದಿನ ಹೊಸ ಕಾಯಿ.

ಅಷ್ಟರಲ್ಲಿ ಚಿಕ್ಕಪ್ಪನ ಮಕ್ಕಳು, ದೊಡ್ಡಪ್ಪನ ಮೊಮ್ಮಕ್ಕಳು, ಸೋದರತ್ತೆಯ ಕಡೆಯವರು ಎಲ್ಲರೂ ಪಿಳ್ಳಮ್ಮನಿಗೆ ಆದ ಅನ್ಯಾಯವನ್ನು ಖಂಡಿಸಲು ಬಂದರು. ಬಂದವರು ಲೋಕೇಶನ ಕಚೇರಿಗೂ ಹೋಗಿ, ಹಾಗೆಯೇ ತಮ್ಮ ಹೆಸರೂ ಇದೆಯೇ ಎಂದು ನೋಡಿದರು. ಇರಲಿಲ್ಲ. ಲೋಕೇಶ್ ಕೋಲಿಗೆ ಕೊಂಬೆ ಬಿಡಿಸತೊಡಗಿದ. ಹಾಳೆ ಸಾಲದೆ ಇನ್ನೊಂದು ಹಾಳೆ ಅಂಟಿಸಿದ. ದೂರದ ಊರುಗಳಿಂದ ಬಂದವರು ಶ್ಯಾಮಣ್ಣನ ಮನೆಯಲ್ಲೇ ಉಳಿದರು. ಪಕ್ಕದ ಕಟ್ಟಡದಲ್ಲಿ ಅಷ್ಟು ಕೋಣೆಗಳಿದ್ದೂ ಮಾಲೀಕ ಮಲಗಲು ಜಾಗವಿಲ್ಲದೆ ಅಡುಗೆಮನೆಯಲ್ಲಿ ಚಾಪೆ ಹಾಸಿದ.

ಆಗ ಸ್ಫೂರ್ತಿಯ ಫೋನು ಬಂತು. ಆ ದೇಶದ ಅಧಿಕಾರಿಯೊಬ್ಬರು ವಿಡಿಯೋದಲ್ಲಿ ಗಂಡ ಹೆಂಡಿರನ್ನು ಮಾತಾಡಿಸುತ್ತಾರೆ. ನಾಳೆ ಹನ್ನೊಂದು ಗಂಟೆಗೆ, ನಿಶ್ಶಬ್ದವಾದ ಕೋಣೆ ಇರಬೇಕು, ಬೇರೆ ಯಾರೂ ಸುಳಿಯಬಾರದು.

ಶ್ಯಾಮಣ್ಣ ತನ್ನ ಜೀವನದಲ್ಲಿ ಒಂದೇ ಒಂದು ಸಲ ಮಾಡಿದ ಯೋಜನೆ ಇದು. ಮನೆಗೆ ಜಿರಲೆ ಔಷಧಿ ಹೊಡೆಸುತ್ತಿದ್ದೇನೆ, ಎಲ್ಲರೂ ಒಂದು ಗಂಟೆ ತಾರಸಿಯ ಮೇಲಿರಬೇಕೆಂದು ನೆಂಟರಿಗೆ ಹೇಳಿದ. ವಸಂತಮ್ಮನಿಗೆ, ಬ್ಯಾಂಕಿನವರು ಕಂಪ್ಯೂಟರಿನಲ್ಲಿ ನಮ್ಮಿಬ್ಬರ ಮುಖ ನೋಡಬೇಕಂತೆ, ಒಳ್ಳೆ ಸೀರೆ ಉಟ್ಟುಕೋ ಎಂದ. ನೆಂಟರು ಹತ್ತಿದರು. ಪಿಳ್ಳಮ್ಮ ಮಾತ್ರ, ಜಿರಲೆಗೆ ಹೊಡೆಯುವ ಔಷಧಿ ತನಗೇನು ಮಾಡೀತೆಂದು ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದಳು. ಸ್ಫೂರ್ತಿ ನಡುಮನೆಯಲ್ಲಿ ಲ್ಯಾಪ್‌ಟಾಪು ತೆರೆದಿಟ್ಟಳು. ಅನುವಾದಕ್ಕೆಂದು ಪಂಚಾಕ್ಷರಿಯವರು ಕೋಟು ಹಾಕಿ, ಹಣೆ ತುಂಬ ವಿಭೂತಿ ಧರಿಸಿ ಬಂದು ಕುಳಿತರು.

ಪರದೆಯ ಮೇಲೆ ಬಂದ ಅಧಿಕಾರಿ ಬಿಳಿಗೂದಲಿನ, ಸಮಾಧಾನದ ಹೆಂಗಸು. ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಅಂಗೈಯಗಲ ಸಮುದ್ರ ಕಾಣುತ್ತಿತ್ತು. ಶ್ಯಾಮಣ್ಣನ ಹೆಸರು ಕೇಳಿದಳು. ಆ ಒಂದು ಉತ್ತರ ಅವನಿಗೆ ಸರಿಯಾಗಿ ಬಂತು. ಆಮೇಲೆ ವಸಂತಮ್ಮನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ಪಂಚಾಕ್ಷರಿ ಒಂದಕ್ಷರವೂ ಬಿಡದೆ ಕನ್ನಡಕ್ಕೆ ತಂದರು.

“ಇವರ ಅವಲಂಬಿತರಾಗಿ ನೀವೂ ನಮ್ಮ ದೇಶಕ್ಕೆ ಬಂದು ಕಾಯಂ ನೆಲೆಸೋದಕ್ಕೆ ಒಪ್ಪೀರೇನ್ರಿ ಅಂತ ಕೇಳ್ತಾರೆ ನೋಡ್ರಿ ಅಮ್ಮಾರೆ.”

ವಸಂತಮ್ಮ ಪರದೆಯನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

“ಯಾರು, ಯಾರ್ ಅವಲಂಬಿತರು?”

ಪಂಚಾಕ್ಷರಿ ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟರು. ಅಧಿಕಾರಿ ಕಾಗದ ನೋಡಿ, ನೀವೇ ಎಂದು ವಿನಯದಿಂದ ಹೇಳಿದಳು.

“ಏನ್ರೀ, ಮೋಟರ್ ಎಷ್ಟೊತ್ಗೆ ಹಾಕ್ಬೇಕು ಅಂತ ಗೊತ್ತಾ ನಿಮ್ಗೆ? ಟ್ಯಾಂಕರಿನವನ ಹೆಸರು ಗೊತ್ತಾ? ನಾನು ನಿಮ್ಮ ಅವಲಂಬಿತಳಾ?”

ಮುಂದಿನ ಕೋಣೆಯ ಬಾಗಿಲು ತೆರೆಯಿತು. ಪಿಳ್ಳಮ್ಮ ಮಲಗಿಯೇ ಇರಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವಸಂತಮ್ಮನ ದನಿಗೆ ತಾರಸಿಯವರೂ ಇಳಿದು ಬಂದರು. ಜಿರಲೆಯೂ ಇಲ್ಲ, ಔಷಧಿಯೂ ಇಲ್ಲ ಎಂದು ಕಂಡ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಶ್ಯಾಮಣ್ಣ ಲ್ಯಾಪ್‌ಟಾಪಿಗೆ ಬೆನ್ನು ಹಾಕಿ ಎಲ್ಲವನ್ನೂ ಹೇಳಿದ. ಮನೆ ಮಾರುತ್ತಿಲ್ಲ, ಜಪಾನಿನವರಿಲ್ಲ, ಬ್ಯಾಂಕಿನಲ್ಲಿದ್ದ ಹಣವನ್ನು ಅಲ್ಲಿ ಹೂಡಿ ಆ ದೇಶದ ಕಾರ್ಡು ಪಡೆಯುವುದು, ಅಷ್ಟೆ.

ಏನೂ ಮಾರುತ್ತಿಲ್ಲವೆಂದು ತಿಳಿದ ಕೂಡಲೇ ನೆಂಟರಿಗೆ ಹಿಡಿದಿದ್ದ ಉಸಿರು ಬಿಟ್ಟಂತಾಯಿತು. ಮರುಗಳಿಗೆಯೇ ಚಿಕ್ಕಪ್ಪನ ದೊಡ್ಡ ಮಗ, ಅರ್ಜಿಯಲ್ಲಿ ಇನ್ನೂ ಜಾಗವಿದೆಯೇ ಎಂದು ಸ್ಫೂರ್ತಿಯನ್ನು ಕೇಳಿದ. ವಂಶವೃಕ್ಷದಲ್ಲಿ ಹೇಗೂ ಹೆಸರಿದೆ, ಅದನ್ನೇ ತೋರಿಸಿದರೆ ಸಾಲದೇ ಎಂದರು ಇನ್ನು ಕೆಲವರು. ಕರೆಯದೆ ಬಂದಿದ್ದ ಕೃಷ್ಣಪ್ಪ, ಆ ಕಡೆ ದಿನಸಿ ಅಂಗಡಿ ನಡೆಯುತ್ತದೆಯೇ ಎಂದು ಪರದೆಗೆ ಮುಖ ಒಡ್ಡಿ ನೇರವಾಗಿ ಅಧಿಕಾರಿಯನ್ನೇ ವಿಚಾರಿಸಿದ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, ಅರ್ಜಿಯಲ್ಲಿ ಕುಟುಂಬದ ಸದಸ್ಯರು ಇಬ್ಬರೆಂದಿದೆಯಲ್ಲ ಎಂದಳು. ಸ್ಫೂರ್ತಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಟ್ಯಾಂಕರಿನ ಹಾರ್ನು ಕೇಳಿಸಿತು. ವಸಂತಮ್ಮ ಯಾರ ಕಡೆಯೂ ನೋಡದೆ ರೇಷ್ಮೆ ಸೀರೆಯಲ್ಲೇ ಎದ್ದು ಹೊರಗೆ ಹೋದಳು.

ಪಿಳ್ಳಮ್ಮ ಅಡುಗೆಮನೆಗೆ ಹೋದವಳು ಮೊರ ಹಿಡಿದು ಬಂದಳು. ಆ ದಿನದ ಕಾಯಿ ಇನ್ನೂ ಚಟ್ನಿಯಾಗಿರಲಿಲ್ಲ.

“ಟವಲ್ಲು ಒಡ್ಡು” ಎಂದಳು ತಮ್ಮನಿಗೆ.

“ಅಕ್ಕ, ಗಂಡಸರಿಗೆ ಯಾರು ಮಡ್ಲಕ್ಕಿ ಕಟ್ತಾರೆ?”

“ತವರು ಬಿಟ್ಟು ಓಗೋರಿಗೆ ಕಟ್ಟೋದು. ಇಷ್ಟು ದಿನ ಓಗೋಳು ನಾನಾಗಿದ್ದೆ. ಈಗ ಓಗೋನು ನೀನು.”

ಶ್ಯಾಮಣ್ಣ ಹೆಗಲ ಮೇಲಿನ ಟವಲ್ಲು ತೆಗೆದು ಎರಡೂ ಕೈಯಲ್ಲಿ ಹಿಡಿದ. ಪಿಳ್ಳಮ್ಮ ಬೊಗಸೆ ತುಂಬ ಅಕ್ಕಿ ತೆಗೆದು ಹಾಕಿದಳು. ಮತ್ತೊಮ್ಮೆ ಹಾಕಿದಳು. ಬೆಲ್ಲ, ಕಾಯಿ, ಎಲೆ ಅಡಿಕೆ ಇಟ್ಟಳು. ರವಿಕೆ ಕಣವನ್ನು ಮಾತ್ರ ಒಂದು ಗಳಿಗೆ ಯೋಚಿಸಿ, ಅದನ್ನೂ ಇಟ್ಟಳು.

“ನೀವು ನನ್ನ ಬರೀ ಸೆರಗಲ್ಲಿ ಕಳಿಸಿದ್ರಿ” ಎಂದಳು. “ನಾನು ಅಂಗೆ ಕಳ್ಸಾಕಿಲ್ಲ.”

ಶ್ಯಾಮಣ್ಣನ ಕಣ್ಣಲ್ಲಿ ನೀರಾಡಿತು. ಕೈ ಎರಡೂ ತುಂಬಿದ್ದರಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ.

ಇದೇನು ನಡೆಯುತ್ತಿದೆ ಎಂದು ಅಧಿಕಾರಿ ಕೇಳಿದಳು. ಪಂಚಾಕ್ಷರಿ ಮಡಿಲಕ್ಕಿಯ ವಿಷಯವನ್ನು ಬಹಳ ಹೊತ್ತು ವಿವರಿಸಿದರು. ಆಕೆ ಗಲ್ಲಕ್ಕೆ ಕೈಯಿಟ್ಟು ಕೇಳಿದಳು, ತುಂಬ ಚಂದದ ಪದ್ಧತಿ ಎಂದಳು. ಆಮೇಲೆ ಸರ್ಕಾರಿ ಕೆಲಸ ನೆನಪಾಗಿ, ತಮ್ಮದು ದ್ವೀಪವಾದ್ದರಿಂದ ಹಸಿ ತೆಂಗಿನಕಾಯಿ, ಅಕ್ಕಿ, ಎಲೆ ಇವನ್ನು ಒಳಗೆ ಬಿಡುವುದಿಲ್ಲ, ಬಂದ ಕೂಡಲೇ ತೆಗೆದಿಟ್ಟುಬಿಡುತ್ತಾರೆ, ದಯವಿಟ್ಟು ತರಬೇಡಿ ಎಂದಳು. ಪಂಚಾಕ್ಷರಿ ಇದನ್ನೂ ಬಿಡದೆ ತಿಳಿಸಿದರು.

“ಹಿಡಿ ಅಕ್ಕಿ ಒಳಕ್ಕೆ ಬಿಡದಿರೋ ಊರ್ನಾಗೆ ನೀನೆಂಗ್ಲಾ ಇರ್ತೀಯ?” ಎಂದಳು ಪಿಳ್ಳಮ್ಮ.

ಅಧಿಕಾರಿ ಕೊನೆಯ ಪ್ರಶ್ನೆ ಕೇಳಿದಳು: ನಮ್ಮ ದೇಶದಲ್ಲಿಯೇ ನೆಲೆಸಬೇಕೆಂದು ನಿಮಗೆ ಏಕೆ ಅನ್ನಿಸಿತು? ಇದಕ್ಕೆ ಸ್ಫೂರ್ತಿ ಉತ್ತರ ಕಲಿಸಿದ್ದಳು. ಆ ದೇಶದ ಆರ್ಥಿಕತೆ, ಸಮುದ್ರದ ಗಾಳಿ ಎಲ್ಲವೂ ಸೇರಿದ ಒಳ್ಳೆಯ ಉತ್ತರ. ಚೀಟಿ ಶ್ಯಾಮಣ್ಣನ ಜೇಬಿನಲ್ಲಿತ್ತು. ಕೈಯಲ್ಲಿ ಅಕ್ಕಿ ಇತ್ತು.

“ಎಲ್ಲಾದ್ರೂ ಒಂದು ಕಡೆ ಕತ್ತಿಗೆ ಟ್ಯಾಗ್ ಹಾಕದೆ ಒಳಗೆ ಬಿಡ್ಲಿ ಅಂತ ಮೇಡಂ” ಎಂದ.

ಪಂಚಾಕ್ಷರಿ ಈ ಒಂದು ಮಾತಿಗೆ ಮಾತ್ರ ಸ್ವಲ್ಪ ತಡೆದರು. ಕರವಸ್ತ್ರ ತೆಗೆದು ಹಣೆ ಒತ್ತಿಕೊಂಡು, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮುಂದಕ್ಕೆ ಬಾಗಿ ಏನೋ ಹೇಳಲು ಬಾಯಿ ತೆರೆದಳು.

ಅದೇ ಹೊತ್ತಿಗೆ ಹೊರಗೆ ವಸಂತಮ್ಮ ಮೋಟರು ಹಾಕಿದಳು. ಫ್ಯೂಸು ಹೋಯಿತು. ಇಂಟರ್ನೆಟ್ಟು ಹೋಯಿತು. ಆ ದೇಶ ತನ್ನ ಅಂಗೈಯಗಲ ಸಮುದ್ರದೊಂದಿಗೆ ಕಪ್ಪಾಯಿತು. ಮತ್ತೆ ಕರೆಂಟು ಬಂದಾಗ ಆ ಕಡೆ ಕಚೇರಿಯ ಸಮಯ ಮುಗಿದಿತ್ತು.

ಮಧ್ಯಾಹ್ನ ಲೋಕೇಶ್ ಬಂದು ಎಲ್ಲರ ಹೇಳಿಕೆ ಪಡೆದ. ವಂಶವೃಕ್ಷದಲ್ಲಿ ಅಪ್ಪನ ಹೆಸರಿನ ಕೆಳಗೆ ಮೊದಲು ಬಂದದ್ದು ಪಿಳ್ಳಮ್ಮನ ಹೆಸರು, ಹಿರಿಯವಳಲ್ಲವೇ. ಅವಳು ಅದನ್ನು ಓದಿಸಿ ಕೇಳಿ, ಇನ್ನೊಂದು ಸಲ ಓದಿಸಿ, ಆಮೇಲೆ ಸಹಿ ಹಾಕಿದಳು. ನೆಂಟರು ಊಟ ಮಾಡಿ ಚದುರಿದರು. ಸ್ಫೂರ್ತಿ ಫೈಲನ್ನು ಆ ದೇಶಕ್ಕೆ ಕಳಿಸಿದಳು.

ಈಗಲೂ ಬೆಳಗ್ಗೆ ಏರಿಯ ಮೇಲೆ ಪಂಚಾಕ್ಷರಿ, ಯಾವಾಗ್ರೀ ಪ್ರಯಾಣ ಎಂದು ಕೇಳುತ್ತಾರೆ. ಅಕ್ಕ ಇನ್ನೂ ಹೊರಟಿಲ್ಲ, ಅವಳನ್ನು ಮಡಿಲು ತುಂಬಿ ಕಳಿಸದೆ ತಾನು ಹೊರಡುವುದು ಹೇಗೆ ಎನ್ನುತ್ತಾನೆ ಶ್ಯಾಮಣ್ಣ. ಮೆಟ್ಟಿಲ ಮೇಲೆ ಕುಳಿತ ಪಿಳ್ಳಮ್ಮನನ್ನು ಬಾಡಿಗೆದಾರರು ಊರಿಗೆ ಯಾವಾಗ ಹೊರಡುತ್ತೀರೆಂದು ಆಸೆಯಿಂದ ಕೇಳಿದರೆ, ತಮ್ಮ ಹೊರಡಲಿ, ಆಮೇಲೆ ನೋಡೋಣ ಎನ್ನುತ್ತಾಳೆ. ಅಡುಗೆಮನೆಯ ಅಟ್ಟದ ಮೇಲೆ ಅಕ್ಕನಿಗಾಗಿ ಒಂದು ಮೊರ, ತಮ್ಮನಿಗಾಗಿ ಒಂದು ಟವಲ್ಲಿನ ಗಂಟು ಅಕ್ಕಪಕ್ಕ ಕುಳಿತಿವೆ. ಎರಡರ ಕಾಯಿಯನ್ನೂ ವಸಂತಮ್ಮ ಆಗಾಗ ಬದಲಿಸುತ್ತಾಳೆ. ಆ ಮನೆಯಲ್ಲಿ ಈಗ ಚಟ್ನಿಗೆ ಬರವಿಲ್ಲ.

ಆ ದೇಶದಿಂದ ಉತ್ತರ ಬಂದಿದೆಯೋ ಇಲ್ಲವೋ ನನಗೆ ತಿಳಿಯದು. ಫ್ಯೂಸು ಹೋಗುವ ಮುಂಚೆ ಆ ಹೆಂಗಸು ಏನು ಹೇಳಲು ಹೊರಟಿದ್ದಳೆಂಬುದೂ ತಿಳಿಯದು. ಅಕ್ಕ ಮೊದಲು ಹೊರಡುತ್ತಾಳೋ, ತಮ್ಮ ಮೊದಲು ಹೊರಡುತ್ತಾನೋ, ಅದನ್ನು ಕೇಳಲು ನಾನು ಎರಡು ಸಲ ಆ ಮನೆಗೆ ಹೋಗಿದ್ದೆ. ಎರಡು ಸಲವೂ ಇಡ್ಲಿ ಕೊಟ್ಟರು, ಉತ್ತರ ಕೊಡಲಿಲ್ಲ.